ಕೊಕ್ಕರೆ ಕಲಿತ ಮಾತು

"ಸಾಕಮ್ಮಾ," ಎಂದಳು, ತಿಂಡಿಯ ತಟ್ಟೆಗೆ ಕೈ ಅಡ್ಡ ಹಿಡಿದು.

"ಸಾಕಮ್ಮ ನೀನು, ನಾನಲ್ಲ," ಎಂದು ಅಮ್ಮ ಇವಳಿಗೆ ಮಾತು ಬಂದಾಗಿನಿಂದ ಹೇಳುತ್ತ ಬಂದ ತಮಾಷೆಯನ್ನೇ ಹೇಳಿ, ತಟ್ಟೆಗೆ ಇನ್ನಷ್ಟು ಬಡಿಸಿಯೇಬಿಟ್ಟರು. ನಗಬೇಕಾದ ಜಾಗದಲ್ಲಿ ಇವತ್ತು ಅವಳಿಗೆ ನಗು ಬರಲಿಲ್ಲ. ನಾಲ್ಕನೆಯದೂ ಹೆಣ್ಣಾದಾಗ ಹೆರಿಗೆ ಕೋಣೆಯಿಂದ ಹೊರಗೆ ಬಂದ ಅಜ್ಜಿ, ಕಾರಿಡಾರಿನಲ್ಲಿ ನಿಂತಿದ್ದ ಅಪ್ಪನ ಮುಖ ನೋಡಿ ಆಡಿದ್ದು ಒಂದೇ ಮಾತಂತೆ: "ಸಾಕು." ಮೂವರು ಅಕ್ಕಂದಿರು ಆ ಮಾತನ್ನೇ ಹಿಡಿದು ಹೆಸರು ಮಾಡಿಬಿಟ್ಟರು. ಶಾಲೆಯ ದಾಖಲೆಯಲ್ಲಿ, ಆಸ್ಪತ್ರೆಯ ಬಾಗಿಲ ಹಲಗೆಯಲ್ಲಿ ಬೇರೆ ಹೆಸರಿದೆ, ಉದ್ದನೆಯದು, ಮರ್ಯಾದೆಯದು. ಆದರೂ ಬಸ್ಸಿನಲ್ಲೋ ಅಂಗಡಿಯಲ್ಲೋ ಯಾರಾದರೂ ತಮ್ಮ ಪಾಡಿಗೆ "ಸಾಕು" ಅಂದರೆ ಮೂವತ್ತೇಳು ವರ್ಷದ ಈ ಸರ್ಜನ್ನಿನ ಕತ್ತು ತಿರುಗುತ್ತದೆ, ತನ್ನನ್ನು ಕರೆದರೋ, ತನ್ನಿಂದ ಸಾಕಾಯಿತು ಅಂದರೋ ಎಂದು ಒಂದು ಗಳಿಗೆ ಗೊತ್ತಾಗದೆ. "ಇವತ್ತು ಏನಿದೆ ಆಸ್ಪತ್ರೇಲಿ?" ಎಂದು ಅಮ್ಮ ಕೇಳಿದರು. "ಒಂದು ಅಂಗುಳ." "ಒಂದೇನಾ? ಹಾಗಾದ್ರೆ ಬೇಗ ಬರ್ತೀಯ ಬಿಡು." ಒಂದೇ, ಆದರೆ ಆ ಒಂದರ ಮೇಲೆ ಎಷ್ಟೊಂದು ಕೂತಿದೆ ಎಂದು ಹೇಳುವುದಕ್ಕೆ ಹೊರಟರೆ ಅಮ್ಮ ಮತ್ತೆ ಬಡಿಸುತ್ತಾರೆ ಎಂದು ಸುಮ್ಮನೆ ಎದ್ದು ಕೈ ತೊಳೆದಳು. ತೊಟ್ಟಿಯ ಪಕ್ಕದಲ್ಲಿ ಅವಳ ಅಭ್ಯಾಸದ ಲೋಟವಿತ್ತು. ಅಂಗುಳ ಇರುವುದು ಬಾಯಿಯ ಆಳದಲ್ಲಿ, ಕೈಗೆ ಅಲ್ಲಿ ಜಾಗವಿಲ್ಲ. ಅದಕ್ಕೆ ನಾಲ್ಕು ವರ್ಷದಿಂದ ಲೋಟದ ತಳಕ್ಕೆ ಹಳೆಯ ಕೈಗವಸಿನ ರಬ್ಬರನ್ನು ಅಂಟಿಸಿ, ಒಳಗೆ ಸೂಜಿ ಬಿಟ್ಟು ಹೊಲಿಯುತ್ತಾಳೆ. ಲೋಟದಲ್ಲಿ ನೀರು ಕುಡಿಯುವಾಗ ಬಾಯಿಗೆ ದಾರ ಸಿಕ್ಕುವ ಮನೆ ಊರಿಗೆಲ್ಲ ನಮ್ಮದೊಂದೇ ಎಂದು ಅಮ್ಮ ಪಕ್ಕದ ಮನೆಯವರಿಗೆ ಹೇಳಿಕೊಂಡು ನಗುತ್ತಾರೆ.

ಕಡಲಾಚೆಯಿಂದ ವರ್ಷಕ್ಕೊಮ್ಮೆ ಹತ್ತು ದಿನದ ಮಟ್ಟಿಗೆ ಇವಳ ಆಸ್ಪತ್ರೆಗೆ ಡಾಕ್ಟರುಗಳ ಒಂದು ತಂಡ ಬರುತ್ತದೆ. ತಮ್ಮ ತಮ್ಮ ಆಸ್ಪತ್ರೆಗೆ ರಜೆ ಹಾಕಿ, ಪೆಟ್ಟಿಗೆಗಟ್ಟಲೆ ಸಾಮಾನು ಹೊತ್ತು ಬಂದು, ತುಟಿ ಸೀಳಿಕೊಂಡು ಹುಟ್ಟಿದ, ಅಂಗುಳ ಸೀಳಿಕೊಂಡು ಹುಟ್ಟಿದ ಮಕ್ಕಳಿಗೆ ಆಪರೇಷನ್ ಮಾಡಿ, ಇಲ್ಲಿನ ಡಾಕ್ಟರಿಗೂ ಕಲಿಸಿಕೊಟ್ಟು ಹೋಗುತ್ತಾರೆ. ಇಲ್ಲಿನ ಡಾಕ್ಟರು ಅಂದರೆ ಇವಳು. ತುಟಿ ಹೊಲಿಯುವುದು ಎರಡನೆಯ ವರ್ಷಕ್ಕೇ ಕೈಗೆ ಹತ್ತಿತ್ತು. ಅವರು ಹೋದ ಮೇಲೆ, ಯಾರೂ ನೋಡದಾಗ, ಕೈ ಚೆನ್ನಾಗಿಯೇ ಓಡುತ್ತಿತ್ತು. ಅಂಗುಳ ಮಾತ್ರ ಹಾಗೇ ಉಳಿದಿತ್ತು. ಪ್ರತಿ ವರ್ಷ ಹೊರಡುವ ಮುಂಚೆ ತಂಡದ ಹಿರಿಯ ಒಂದು ಹಾಳೆಯಲ್ಲಿ ಗುರುತು ಹಾಕುತ್ತಾರೆ. ಅಲ್ಲಿ ಎರಡೇ ಚೌಕ: 'ಒಬ್ಬರೇ ಮಾಡಬಲ್ಲರು', 'ಜೊತೆಗೆ ಒಬ್ಬರಿರಬೇಕು'. ಮೂರು ವರ್ಷವೂ ಎರಡನೆಯ ಚೌಕದಲ್ಲೇ ಗುರುತು ಬಿದ್ದಿತ್ತು. ಅವರು ಬರುವುದು ಈ ವರ್ಷವೇ ಕೊನೆ, ಮುಂದಿನ ವರ್ಷದಿಂದ ಬೇರೆ ದೇಶ. ಇವತ್ತೇ ಕೊನೆಯ ದಿನ, ಕೊನೆಯ ಮಗು. ಹೊರರೋಗಿ ವಿಭಾಗದ ಗುಮಾಸ್ತನ ಮೇಜಿನ ಮೇಲೆ ಒಂದು ಉದ್ದನೆಯ ರಿಜಿಸ್ಟರ್ ಇದೆ, ಅದರಲ್ಲಿ ಅಂಗುಳದ ಮಕ್ಕಳ ಹೆಸರುಗಳು. ಪ್ರತಿ ಹೆಸರಿನ ಮುಂದೆ ತಾರೀಖಿನ ಜಾಗದಲ್ಲಿ ಅವನ ದುಂಡಗಿನ ಅಕ್ಷರದಲ್ಲಿ 'ಅವರು ಬಂದಾಗ' ಎಂದು ಬರೆದಿದೆ. ನಲವತ್ತೊಂದು ಹೆಸರು, ನಲವತ್ತೊಂದು 'ಅವರು ಬಂದಾಗ'. ಇವತ್ತು ಇವಳ ಕೈ ಅರ್ಧಕ್ಕೆ ನಿಂತರೆ ಆ 'ಅವರು' ಅನ್ನುವವರೇ ಇರುವುದಿಲ್ಲ.

ಆಸ್ಪತ್ರೆಯ ಹಾದಿಯುದ್ದಕ್ಕೂ ಅಂಗಡಿಗಳ ಬಾಗಿಲು ಏಳುತ್ತಿದ್ದವು. ಟೈರಿನವನು ಪಂಪಿನ ಮೇಲೆ ಕಾಲಿಟ್ಟು ಆಕಳಿಸುತ್ತಿದ್ದ. ಅವಳ ಬಲಗೈಯ ಹೆಬ್ಬೆರಳು ಮತ್ತು ಉಂಗುರದ ಬೆರಳು ಚೀಲದ ಹಿಡಿಯ ಮೇಲೆ ತಮ್ಮಷ್ಟಕ್ಕೆ ತೆರೆದು ಮುಚ್ಚಿ ಅಭ್ಯಾಸ ಮಾಡುತ್ತಿದ್ದವು. ಮನಸ್ಸು ಮೊದಲ ವರ್ಷಕ್ಕೆ ಹೋಯಿತು, ತಂಡ ಬಂದ ಎರಡನೆಯ ದಿನಕ್ಕೆ. ತಂಡದ ಹಿರಿಯರಿಗೆ ನರ್ಸುಗಳು ಅಷ್ಟರಲ್ಲೇ 'ಕೊಕ್ಕರೆ' ಎಂದು ಹೆಸರಿಟ್ಟಾಗಿತ್ತು, ಅಷ್ಟುದ್ದ ಕಾಲು, ಅಷ್ಟುದ್ದ ಕತ್ತು, ಒಂದೇ ಕಡೆ ಅಲ್ಲಾಡದೆ ನಿಲ್ಲುವ ಆ ತಾಳ್ಮೆ. ಕೊಕ್ಕರೆ ಅವಳ ಕೈಗೆ ಸೂಜಿ ಹಿಡಿಯುವ ಇಕ್ಕಳ, ನೀಡಲ್ ಹೋಲ್ಡರ್, ಕೊಟ್ಟರು. ಒಂದು ಹೊಲಿಗೆ ಹಾಕಿದಳು, ಎರಡು, ಮೂರು. ನಾಲ್ಕನೆಯದರ ಗಂಟು ಕೂರುತ್ತಿದ್ದಂತೆ ಮಾಸ್ಕಿನ ಹಿಂದಿನಿಂದ ಶುದ್ಧವಾಗಿ, ಸ್ಪಷ್ಟವಾಗಿ, ಅವಳ ತಾಯ್ನುಡಿಯಲ್ಲೇ ಒಂದು ಮಾತು ಬಂತು: "ಸಾಕು." ಕಿವಿ ಸುಟ್ಟಿತು. ಕೈ ತಾನಾಗಿ ಹೋಲ್ಡರನ್ನು ಅವರತ್ತ ಚಾಚಿತು. ಅವರು ಒಂದು ಕ್ಷಣ ತಡೆದು, ಎರಡು ಬೆರಳಲ್ಲಿ ತೆಗೆದುಕೊಂಡು ಉಳಿದದ್ದನ್ನು ಮುಗಿಸಿದರು. ಅರಿವಳಿಕೆ ಕೊಡುವ ಡಾಕ್ಟರು, ಮಕ್ಕಳನ್ನು ಮಲಗಿಸುವಾಗ ಗುನುಗುತ್ತಾರೆಂದು ಎಲ್ಲರೂ ಜೋಗುಳದವರು ಎಂದೇ ಕರೆಯುವವರು, 'ಸಾಕು' ಕೇಳಿದ್ದೇ ಆಪರೇಷನ್ ಮುಗಿಯಿತೆಂದು ಗ್ಯಾಸ್ ಇಳಿಸಲು ಹೊರಟು, ಆಮೇಲೆ ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ನಗದೆ ಏನು ಮಾಡುವುದು. ಒಬ್ಬ ಮನುಷ್ಯ ಸಮುದ್ರ ದಾಟಿ ಬಂದು ನಿನ್ನ ಭಾಷೆಯಲ್ಲಿ ಒಂದೇ ಒಂದು ಮಾತು ಕಲಿಯುತ್ತಾನೆ, ಅದೂ ನಿನ್ನನ್ನು ನಿಲ್ಲಿಸುವುದಕ್ಕೆ! ಮೂರು ವರ್ಷ ಹಾಗೇ ನಡೆಯಿತು. ಮೂರು ಹೊಲಿಗೆ, ನಾಲ್ಕು ಹೊಲಿಗೆ, ಒಮ್ಮೆ ಏಳು, ಆಮೇಲೆ "ಸಾಕು." ಯಾಕೆ ಎಂದು ಕೇಳಬಹುದಿತ್ತು. ಇಬ್ಬರಿಗೂ ಅರ್ಧಂಬರ್ಧ ಬರುವ ಮೂರನೆಯ ಭಾಷೆಯೊಂದಿತ್ತಲ್ಲ. ಕೇಳಿದರೆ ಅವರು ಕಾರಣ ಹೇಳಿಬಿಡುತ್ತಾರೆ ಎಂಬ ಹೆದರಿಕೆ. ಕಾರಣ ಗೊತ್ತಿಲ್ಲದೆ ಬದುಕುವುದು ಸುಲಭ.

ವಾರ್ಡಿನ ಕೊನೆಯ ಹಾಸಿಗೆಯಲ್ಲಿ ಪುಟ್ಟಿ ಕೂತಿದ್ದಳು. ಮೂರು ವರ್ಷ ತುಂಬಲು ಎರಡು ತಿಂಗಳಿದೆ. ಹನ್ನೊಂದು ತಿಂಗಳ ಕೂಸಾಗಿದ್ದಾಗ ಮೊದಲು ಬಂದದ್ದು, ತಂಡ ಹೋಗಿ ಎರಡು ವಾರವಾಗಿತ್ತಷ್ಟೆ. ಅಂಗುಳ ಕೂಡಿಸಲು ಅದೇ ಸರಿಯಾದ ವಯಸ್ಸು, ಮಾತು ಹುಟ್ಟುವ ಮುಂಚೆ. ಟಾರ್ಚ್ ಹಾಕಿ ನೋಡಿದಾಗ ಇವಳ ಬೆರಳುಗಳಿಗೆ ಎಲ್ಲವೂ ಗೊತ್ತಿತ್ತು, ಎಲ್ಲಿ ಬಿಡಿಸಬೇಕು, ಎಲ್ಲಿಂದ ತರಬೇಕು. ಬಾಯಿ ಮಾತ್ರ "ಅವರು ಬರಲಿ" ಅಂದಿತ್ತು. ತಾಯಿ ಮಗುವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ ಹತ್ತಿ ಹೋದಳು. ಹೋದ ವರ್ಷ ಅವರು ಬಂದಾಗ ಮಗುವಿಗೆ ಕೆಮ್ಮು, ಎದೆಯಲ್ಲಿ ಗೊರಗೊರ. ಜೋಗುಳದವರು ಅರಿವಳಿಕೆ ಕೊಡಲು ಒಪ್ಪಲಿಲ್ಲ. ಮತ್ತೆ ಒಂದು ವರ್ಷ. ಈಗ ಪುಟ್ಟಿಗೆ ಮಾತು ಬಂದಿದೆ, ಆದರೆ ಗಾಳಿಯೆಲ್ಲ ಮೂಗಿನಿಂದ ಸೋರಿ 'ಪ' ಅನ್ನುವುದು 'ಮ' ಆಗುತ್ತದೆ. ಇವಳು ನೋಡುತ್ತಿದ್ದಂತೆಯೇ ಪುಟ್ಟಿ "ಅಮ್ಮ" ಎಂದಳು. ಪಕ್ಕದಲ್ಲೇ ಕೂತಿದ್ದ ತಾಯಿ ತಿರುಗಲಿಲ್ಲ. ಬಾಗಿಲಲ್ಲಿ ಅವಳ ಪುಟಾಣಿ ಚಪ್ಪಲಿ ಹಿಡಿದು ನಿಂತಿದ್ದ ತಂದೆ ಬಂದ. "ಅವರನ್ನೂ ಅಮ್ಮ ಅಂತಾಳೆ," ಎಂದಳು ತಾಯಿ. "ಮೊದಮೊದಲು ನಗ್ತಿದ್ವಿ." ತಾಯಿ ಬಟ್ಟೆ ಹೊಲಿಯುವವಳು. ಮಾತಾಡುತ್ತಲೇ ಆಸ್ಪತ್ರೆಯ ಹೊದಿಕೆಯ ಬಿಚ್ಚಿಹೋದ ಅಂಚನ್ನು ಬೆರಳಲ್ಲಿ ಮಡಿಸಿ ಮಡಿಸಿ ನೋಡುತ್ತಿದ್ದಳು.

"ಒಳಗೆ ಎಷ್ಟು ಹೊಲಿಗೆ ಬೀಳುತ್ತೆ ಡಾಕ್ಟ್ರೇ?"

"ಮೂರು ಪದರ. ಎಲ್ಲಾ ಸೇರಿ ಒಂದು ಮೂವತ್ತು."

"ಎಳೆತ ಇದ್ರೆ ನಿಲ್ಲಲ್ವಲ್ಲ? ಅಂಗಿ ಕಂಕುಳಲ್ಲಿ ಬಿಟ್ಕೊಳ್ಳುತ್ತಲ್ಲ, ಹಾಗೆ."

"ಎಳೆತ ಬೀಳದ ಹಾಗೆ ಪಕ್ಕದಿಂದ ಸಡಿಲ ಮಾಡ್ಕೊಂಡು ತರ್ತೀವಿ."

"ಹಾಂ, ಹಾಗಿದ್ರೆ ಸರಿ." ಹೊಲಿಗೆಯವಳಿಗೆ ಅಷ್ಟು ಗೊತ್ತಾದರೆ ಸಮಾಧಾನ. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಅವರೇ ತಾನೇ ಮಾಡೋದು?"

"ಅವರು ಇರ್ತಾರೆ," ಎಂದುಬಿಟ್ಟಳು ಇವಳು. ಹೇಡಿಯ ಉತ್ತರ. ಸುಳ್ಳಲ್ಲ, ಅಷ್ಟೇ.

ಪಕ್ಕದ ಕೋಣೆಯಲ್ಲಿ ಈ ವರ್ಷ ಹೊಸದಾಗಿ ಒಂದು ಕೆಲಸ ಶುರುವಾಗಿತ್ತು. ಹಿಂದಿನ ವರ್ಷಗಳಲ್ಲಿ ಆಪರೇಷನ್ ಆದ ಮಕ್ಕಳನ್ನು ಕರೆಸಿ ಮಾತು ಹೇಗಿದೆ ಎಂದು ನೋಡುವುದು. ಐದು ವರ್ಷದ ಒಬ್ಬಳು ಬೆಂಚಿನ ಮೇಲೆ ಕಾಲಾಡಿಸುತ್ತ ಅಂಗೈಯಲ್ಲಿ ಹತ್ತಿಯ ತುಣುಕು ಇಟ್ಟುಕೊಂಡು "ಪ, ಪ, ಪ" ಅನ್ನುತ್ತಿದ್ದಳು. ಗಾಳಿ ಬಾಯಿಂದಲೇ ಬಂದರೆ ಹತ್ತಿ ಹಾರಬೇಕು. ಒಂದು ಸಲ ಅಲ್ಲಾಡಿತು. ಎರಡನೆಯ ಸಲ ಹಾರಿ ಕೊಕ್ಕರೆಯ ಮೊಣಕಾಲ ಮೇಲೆ ಹೋಗಿ ಕೂತಿತು. ಕೊಕ್ಕರೆ ಎರಡೂ ಕೈ ಮೇಲೆತ್ತಿ, ಮುಖ ಇಷ್ಟಗಲ ಮಾಡಿ, ಕೋಣೆ ತುಂಬುವ ಹಾಗೆ ಕೂಗಿದರು: "ಸಾಕು! ಸಾಕು!" ಹುಡುಗಿ ತಟ್ಟನೆ ಬಾಯಿ ಮುಚ್ಚಿದಳು. ಹತ್ತಿಯನ್ನು ಎತ್ತಿಕೊಂಡು ಬೆನ್ನ ಹಿಂದೆ ಮುಚ್ಚಿಟ್ಟಳು. ಕೊಕ್ಕರೆ ಕಂಗಾಲಾಗಿ ಇನ್ನೂ ಪ್ರೀತಿಯಿಂದ, ಇನ್ನೂ ಜೋರಾಗಿ "ಸಾಕು, ಸಾಕು, ಸಾಕು" ಅಂದರು, ಅವಳ ತುಟಿ ಅಳಲು ಸೊಟ್ಟಗಾಯಿತು. "ಅಯ್ಯೋ ಪಾಪ, ಚೆನ್ನಾಗಿ ಊದ್ತಾ ಇತ್ತಲ್ಲ ಮಗು, ಯಾಕೆ ಬೇಡ ಅಂತಾರೆ?" ಎಂದು ಹುಡುಗಿಯ ಅಜ್ಜಿ ಯಾರನ್ನು ಎಂದಿಲ್ಲದೆ ಕೇಳಿದರು. ಬಾಗಿಲಲ್ಲಿ ನಿಂತಿದ್ದ ಇವಳು ನೋಡುತ್ತಿದ್ದದ್ದು ಹುಡುಗಿಯನ್ನಲ್ಲ. ಆ ಮಾತು ಹೊರಡುವಾಗ ಅವರ ಮುಖ ಹೇಗಿರುತ್ತದೆ ಎಂದು ನಾಲ್ಕು ವರ್ಷದಲ್ಲಿ ಮೊದಲ ಸಲ ನೋಡಿದ್ದಳು. ಆಪರೇಷನ್ ಥಿಯೇಟರಿನಲ್ಲಿ ಯಾವಾಗಲೂ ಮಾಸ್ಕ್ ಇರುತ್ತಿತ್ತು. ಮಾಸ್ಕಿಲ್ಲದ ಆ ಮುಖದಲ್ಲಿ ಬೇಸರದ ಒಂದು ಗೆರೆಯೂ ಇರಲಿಲ್ಲ, ಹಬ್ಬವೇ ಇತ್ತು.

ಕೈ ತೊಳೆಯುತ್ತ ನಿಂತಳು. ಮೊಣಕೈಯಿಂದ ನೀರು ಇಳಿಯುತ್ತಿತ್ತು. ಛೆ, ಇಲ್ಲ, ಎಂದುಕೊಂಡಳು. ತನಗೆ ಬೇಕಾದ ಅರ್ಥ ಹಚ್ಚಿಕೊಳ್ಳುವುದಕ್ಕೆ ಮನಸ್ಸಿಗೆ ಎಷ್ಟು ಹೊತ್ತು? ಒಂದು ವೇಳೆ ಅವರಿಗೆ ಆ ಮಾತಿನ ಅರ್ಥ ಸರಿಯಾಗಿಯೇ ಗೊತ್ತಿದ್ದು, ಮಗುವಿನ ಹತ್ತಿರ ಸುಮ್ಮನೆ ತಪ್ಪಿ ಆಡಿದ್ದರೆ? ತಾನು ಮುಂದುವರಿಸಿಬಿಟ್ಟು ಹೊಲಿಗೆ ಬಿಟ್ಟುಕೊಂಡರೆ? ಹೋಗುವುದು ತನ್ನ ಮರ್ಯಾದೆಯಲ್ಲ, ಪುಟ್ಟಿಯ 'ಪ'. ಬ್ರಷ್ಷಿನಿಂದ ಉಗುರ ಸಂದಿ ಉಜ್ಜುತ್ತ ಇನ್ನೊಂದು ನೆನಪಾಯಿತು, ಬ್ರಷ್ಷು ಇನ್ನೂ ಜೋರಾಗಿ ಓಡಿತು. ಮೂರು ವರ್ಷದಲ್ಲಿ ಒಮ್ಮೆಯಾದರೂ ಕೊಕ್ಕರೆ ತಾವಾಗಿ ಹೋಲ್ಡರಿಗೆ ಕೈ ಚಾಚಿದ್ದು ಉಂಟೆ? ಆ ತಡೆದ ಒಂದು ಕ್ಷಣ, ಆ ಎರಡು ಬೆರಳು. ಅದನ್ನು ಅವಳು ಸಭ್ಯತೆ ಎಂದುಕೊಂಡಿದ್ದಳು, ಕನಿಕರ ಎಂದುಕೊಂಡಿದ್ದಳು. ಪ್ರತಿ ಸಲವೂ ಕೊಟ್ಟವಳು ತಾನು. ಅವರು ಕೇಳಿರಲಿಲ್ಲ. "ಏನು ಡಾಕ್ಟ್ರೇ, ಚರ್ಮ ಕಿತ್ತು ಬರೋ ಹಾಗೆ ಉಜ್ಜುತಾ ಇದ್ದೀರ," ಎಂದರು ಪಕ್ಕದಲ್ಲಿ ಕೈ ತೊಳೆಯುತ್ತಿದ್ದ ಹಿರಿಯ ಸಿಸ್ಟರ್, ಇಪ್ಪತ್ತೆಂಟು ವರ್ಷದಿಂದ ಥಿಯೇಟರಿನಲ್ಲೇ ಇರುವವರು. "ಏನಿಲ್ಲ ಸಿಸ್ಟರ್. ಇವತ್ತು ನಾನು ಕೇಳಿದ್ದು ಕೊಡ್ತಾ ಹೋಗಿ, ಅಷ್ಟೇ." "ಯಾವತ್ತು ಕೊಟ್ಟಿಲ್ಲ?" ಎಂದು ಸಿಸ್ಟರಿಗೆ ಸ್ವಲ್ಪ ಕೋಪವೇ ಬಂತು.

ಅಂಗುಳ ಹೊಲಿಯುವವರು ಮಗುವಿನ ತಲೆಯ ಕಡೆ ಕೂರಬೇಕು. ತಲೆ ಹಿಂದಕ್ಕೆ ಬಾಗಿರುತ್ತದೆ, ಬಾಯಿ ತಲೆಕೆಳಗಾಗಿ ಕಾಣುತ್ತದೆ. ಕಬ್ಬಿಣದ ಪುಟ್ಟ ಚೌಕಟ್ಟು ಅದನ್ನು ಅಗಲಿಸಿ ಹಿಡಿದಿರುತ್ತದೆ, ಗಂಟಲಿಗೆ ರಕ್ತ ಇಳಿಯದಂತೆ ಒಂದು ಬಟ್ಟೆಯ ಸುರುಳಿ. ಜೋಗುಳದವರ ಗುನುಗು ನಿಂತು ಯಂತ್ರದ ಟಿಕ್ ಟಿಕ್ ಮಾತ್ರ ಉಳಿಯಿತು. ಹಣೆಯ ದೀಪದ ಬೆಳಕಲ್ಲಿ ಆ ಸೀಳು, ಕಿರುನಾಲಿಗೆಯ ಎರಡು ಹೋಳು ಅತ್ತೊಂದು ಇತ್ತೊಂದು. ರಕ್ತ ತಡೆಯುವ ಸೂಜಿಮದ್ದು ಕೊಟ್ಟು, ಅಂಗುಳ ಬಿಳಿಚುವವರೆಗೆ ಗಡಿಯಾರ ನೋಡುತ್ತ ಕಾದಳು. ಅಂಚು ಕೊಯ್ದಳು. ಎರಡೂ ಪಕ್ಕದ ಪದರವನ್ನು ಎಲುಬಿನಿಂದ ಬಿಡಿಸುತ್ತ ಬಂದಳು, ಹಿಂದೆ ಬೇರಿನಂತೆ ಇಳಿದಿರುವ ರಕ್ತನಾಳದ ಹತ್ತಿರ ಉಸಿರು ಹಿಡಿದು, ಅದನ್ನು ಮುಟ್ಟದೆ, ಸುತ್ತ ಸಡಿಲ ಮಾಡಿ. ಎಳೆತ ಇದ್ರೆ ನಿಲ್ಲಲ್ವಲ್ಲ ಡಾಕ್ಟ್ರೇ. ಇಲ್ಲಮ್ಮ, ನಿಲ್ಲಲ್ಲ, ಇನ್ನೊಂದು ಚೂರು ಸಡಿಲ ಬೇಕು. ಈಗ ಎರಡೂ ಪಕ್ಕ ನಡುವಿಗೆ ತಾವಾಗಿ ಬಂದವು. ಮೂಗಿನ ಕಡೆಯ ಪದರದಿಂದ ಹೊಲಿಗೆ ಶುರು. ಒಂದು. ಎರಡು. ಲೋಟದ ತಳವೇ ಇದು, ಅಷ್ಟೇ ಆಳ, ಅಷ್ಟೇ ಕತ್ತಲೆ. ಮೂರು. ಗಂಟು ಕೂತಿತು, ಸಿಸ್ಟರ್ ದಾರ ಕತ್ತರಿಸಿದರು. ನಾಲ್ಕು.

"ಸಾಕು," ಎಂದರು ಕೊಕ್ಕರೆ.

ಅವಳ ಕೈ ಹೊರಟೇಬಿಟ್ಟಿತ್ತು. ಮೂರು ವರ್ಷದ ರೂಢಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಹೋಲ್ಡರು ಮಗುವಿನ ಬಾಯಿಂದ ಹೊರಗೆ ಬಂದು, ಗಾಳಿಯಲ್ಲಿ ಅರ್ಧ ದಾರಿ ಹೋಗಿ, ಅಲ್ಲಿ ನಿಂತಿತು. ಅವಳು ಅವರ ಕೈ ನೋಡಿದಳು. ಎಡಗೈಯಲ್ಲಿ ರಕ್ತ ಹೀರುವ ನಳಿಕೆ. ಬಲಗೈ ಮೊಣಕಾಲಿನ ಹಸಿರು ಬಟ್ಟೆಯ ಮೇಲೆ ಬೋರಲಾಗಿ, ಆರಾಮಾಗಿ ಬಿದ್ದುಕೊಂಡಿತ್ತು. ತೆಗೆದುಕೊಳ್ಳಲು ಬಂದ ಕೈ ಅಲ್ಲವೇ ಅಲ್ಲ ಅದು. ಕೇಳಿಬಿಡಲೇ? ಕೇಳುವುದೂ ಹೋಲ್ಡರನ್ನು ಕೊಟ್ಟುಬಿಡುವುದರದ್ದೇ ಇನ್ನೊಂದು ರೀತಿ ಎನ್ನಿಸಿತು. ಅವರನ್ನು ಬಿಟ್ಟು ಹೊಲಿಗೆಯನ್ನೇ ನೋಡಿದಳು. ಎಳೆತವಿಲ್ಲ, ಅಂಚು ಮಡಿಸಿಕೊಂಡಿಲ್ಲ, ಬಣ್ಣ ಗುಲಾಬಿ. ಇದರಲ್ಲಿ ನಿಲ್ಲಿಸುವಂಥದ್ದು ಏನಿದೆ? "ದಾರ," ಎಂದಳು. ಸಿಸ್ಟರ್ ಕೊಡಲಿಲ್ಲ. ಬಗ್ಗಿ ಕಿವಿಯಲ್ಲಿ, "ಡಾಕ್ಟ್ರೇ, ಸಾಕಂತೆ ಅವರಿಗೆ," ಎಂದರು, ಪಾಪ, ಇವಳ ಮಾನ ಉಳಿಸಲೆಂದೇ. "ಕೇಳಿಸ್ತು ಸಿಸ್ಟರ್. ದಾರ ಕೊಡಿ." ದಾರ ಬಂತು. ಐದು. ಆರು. ಕೊಕ್ಕರೆ ನಳಿಕೆಯನ್ನು ಅವಳ ಸೂಜಿಯ ಮುಂದೆ ಮುಂದೆ ನಡೆಸುತ್ತ ಹಾದಿ ಒಣಗಿಸಿಕೊಡುತ್ತಿದ್ದರು, ಏನೂ ಆಗದವರಂತೆ.

ಮೊದಲ ಪದರ ಮುಗಿಯಿತು. ಎರಡನೆಯದು ಸ್ನಾಯು, ಮಾತಿನ ಗುಟ್ಟೆಲ್ಲ ಅದರಲ್ಲಿದೆ. ಸೀಳು ಅಂಗುಳದಲ್ಲಿ ಅದು ತಪ್ಪು ಜಾಗಕ್ಕೆ ಅಂಟಿಕೊಂಡಿರುತ್ತದೆ, ಬಿಡಿಸಿ ಹಿಂದಕ್ಕೆ ತಿರುಗಿಸಿ ನಡುವೆ ಕೂಡಿಸಬೇಕು. ಬಲಪಕ್ಕ ಬಿಡಿಸಿದಳು. ಎಡಪಕ್ಕ ಬಿಡಿಸುವಾಗ ಕತ್ತರಿಯ ತುದಿಯಿಂದ ಕೆಂಪು ಚಿಮ್ಮಿತು. ಒಂದು ಉಸಿರಿನಲ್ಲಿ ಬಾಯಿ ತುಂಬಿ ಏನೂ ಕಾಣದಾಯಿತು. ನೋಡು, ಬೇಕಿತ್ತಾ, ಸಾಕು ಅಂದಾಗ ನಿಲ್ಲಿಸಬೇಕಿತ್ತು, ಅಜ್ಜಿ ಹೆರಿಗೆ ಕೋಣೆಯ ಬಾಗಿಲಲ್ಲೇ ಹೇಳಿದ್ದರಲ್ಲ! ಆದರೆ ಮನಸ್ಸು ಹೀಗೆ ಬೈಯುತ್ತಿದ್ದಾಗಲೇ ಕೈ ಬಟ್ಟೆಯ ಉಂಡೆಯನ್ನು ಒತ್ತಿ ಹಿಡಿದಾಗಿತ್ತು. "ಎಣಿಸಿ," ಎಂದಳು. ಜೋಗುಳದವರು ಮೆಲ್ಲಗೆ ಎಣಿಸತೊಡಗಿದರು. ಇಪ್ಪತ್ತು, ಮೂವತ್ತು. ಎಪ್ಪತ್ತರ ಹತ್ತಿರ ಬಂದಾಗ ಅವಳಿಗೆ ಹೊಳೆಯಿತು: ಕೊಕ್ಕರೆ ಸುಮ್ಮನಿದ್ದಾರೆ. ಆ ಮಾತು ಆಡಬೇಕಾದರೆ ಆಡುವ ಹೊತ್ತು ಇದೇ ಅಲ್ಲವೆ? ರಕ್ತ ಬರುವಾಗ, ಕೆಲಸ ಕೆಡುವಾಗ. ನಾಲ್ಕು ವರ್ಷದ ಅಷ್ಟೂ 'ಸಾಕು'ಗಳನ್ನು ಅವಸರದಲ್ಲಿ ತಿರುವಿಹಾಕಿದಳು. ಒಂದಾದರೂ ಕೆಟ್ಟ ಹೊಲಿಗೆಯ ಮೇಲೆ ಬಿದ್ದಿತ್ತೆ? ದಾರ ಹರಿದಾಗ, ಸೂಜಿ ಬಾಗಿದಾಗ, ಗಂಟು ಜಾರಿದಾಗ ಅವರು ಹೀಗೇ ಸುಮ್ಮನಿದ್ದರು. ಆ ಮಾತು ಬಂದದ್ದೆಲ್ಲ ಗಂಟು ಸರಿಯಾಗಿ ಕೂತ ಮೇಲೆ. ನೂರಕ್ಕೆ ಬಟ್ಟೆ ಎತ್ತಿದಳು. ಒಣಗಿತ್ತು. ಸಣ್ಣ ನಾಳವೊಂದನ್ನು ತುದಿಯಲ್ಲಿ ಸುಟ್ಟು, ಸ್ನಾಯುವನ್ನು ಎರಡೂ ಕಡೆಯಿಂದ ಹಿಂದಕ್ಕೆ ತಿರುಗಿಸಿ, ನಡುವಲ್ಲಿ ತಂದು ಮೊದಲ ಹೊಲಿಗೆ ಹಾಕಿ ಗಂಟು ಇಳಿಸಿದಳು.

"ಸಾಕು!" ಎಂದರು ಕೊಕ್ಕರೆ. ಈಗ ಅವಳು ಅವರ ಕಣ್ಣು ನೋಡಿದಳು. ಮಾಸ್ಕಿನ ಮೇಲಂಚು ಕೆನ್ನೆಯಿಂದ ಮೇಲಕ್ಕೆ ಸರಿದಿತ್ತು, ಕಣ್ಣ ಸುತ್ತ ಪೂರಾ ಗೆರೆ. ಬೆಳಿಗ್ಗೆ ಹತ್ತಿಯ ಹುಡುಗಿಗೆ ಕೂಗಿದಾಗ ಇದ್ದ ಅದೇ ಗೆರೆಗಳು. ಮಾಸ್ಕಿನೊಳಗೆ ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಮೂರು ವರ್ಷ! ಅಯ್ಯೋ ಪುಣ್ಯಾತ್ಮ! ಎರಡೂ ಸೇರಿ ಅವಳ ಕೈ ಹಗುರಾಯಿತು. "ಡಾಕ್ಟ್ರೇ, ಮತ್ತೆ ಸಾಕು ಅಂದ್ರು," ಎಂದರು ಸಿಸ್ಟರ್. "ಅನ್ನಲಿ ಬಿಡಿ ಸಿಸ್ಟರ್, ಎಷ್ಟು ಸಲ ಬೇಕಾದ್ರೂ ಅನ್ನಲಿ. ದಾರ." ಮೂರನೆಯ ಪದರ ಬಾಯಿಯ ಕಡೆಯದು. ಹೊಲಿಗೆಗೊಂದು ಸಾಕು, ಹೊಲಿಗೆಗೊಂದು ಸಾಕು. ಸಿಸ್ಟರ್ ಮೊದಲು ಕಣ್ಣು ಬಿಟ್ಟರು, ಆಮೇಲೆ ಅವರಿಗೂ ಏನೋ ಹೊಳೆದು ಭುಜ ಅಲುಗತೊಡಗಿತು. ಜೋಗುಳದವರು ಪರದೆಯ ಆಚೆಯಿಂದ, "ಈ ಸಲ ನಾನಂತೂ ಗ್ಯಾಸ್ ಮುಟ್ಟಲ್ಲಪ್ಪ," ಎಂದರು. ಕೊನೆಯದಾಗಿ ಕಿರುನಾಲಿಗೆಯ ಎರಡು ಹೋಳು ಸೇರಿ ಒಂದಾದವು. ಮೂವತ್ತೊಂದು ಹೊಲಿಗೆ. "ಗಂಟಲ ಬಟ್ಟೆ ತೆಗೆದ್ರಾ?" "ತೆಗೆದೆ, ಎಣಿಕೆ ಸರಿಯಿದೆ." ಕಬ್ಬಿಣದ ಚೌಕಟ್ಟು ಕಳಚಿದಾಗ ಪುಟ್ಟ ಬಾಯಿ ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಹತ್ತು ನಿಮಿಷದ ಮೇಲೆ ಪುಟ್ಟಿ ಅತ್ತಳು. ಆ ಅಳು! ಮೂಗಿನಲ್ಲಿ ಸೋರಿಹೋಗದೆ ತುಂಬಿಕೊಂಡು ಬಾಯಿಂದ ಬಂದು ಗೋಡೆಗೆ ಬಡಿಯಿತು. "ಅಬ್ಬಾ, ಏನ್ ಗಂಟಲು!" ಎಂದು ಸಿಸ್ಟರ್ ಕಿವಿ ಮುಚ್ಚಿಕೊಂಡು ನಕ್ಕರು, ಇವಳು ಗೋಡೆಗೆ ಒರಗಿ ಅಷ್ಟೂ ಕೇಳಿಸಿಕೊಂಡಳು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಕೊಕ್ಕರೆ ಸ್ಟೂಲಿನ ಮೇಲೆ ಮೊಣಕಾಲು ಎದೆಯವರೆಗೆ ಬರುವ ಹಾಗೆ ಕೂತು ಹಾಳೆಯಲ್ಲಿ ಗುರುತು ಹಾಕುತ್ತಿದ್ದರು. ಮೊದಲ ಚೌಕದಲ್ಲಿ. ಪೆನ್ನು ಎರಡು ಸಲ ಓಡಿ ಗುರುತು ದಪ್ಪಗಾಯಿತು. ಆಮೇಲೆ ಆ ಮೂರನೆಯ ಭಾಷೆಯಲ್ಲಿ, ತಡವರಿಸುತ್ತ, ಕೇಳಿದರು: "ಒಂದು ಮಾತು ಕೇಳಲೇ? ಮೂರು ವರ್ಷ ನೀವು ಅರ್ಧಕ್ಕೇ ನನ್ನ ಕೈಗೆ ಯಾಕೆ ಕೊಟ್ಟುಬಿಡುತ್ತಿದ್ದಿರಿ? ನಾನು ಕಲಿಸುವ ರೀತಿ ನಿಮಗೆ ಹಿಡಿಸಲಿಲ್ಲವೇನೋ ಎಂದುಕೊಂಡಿದ್ದೆ. ಪ್ರತಿ ವರ್ಷ ವಿಮಾನದಲ್ಲಿ ಅದನ್ನೇ ಯೋಚಿಸುತ್ತ ಹೋಗುತ್ತಿದ್ದೆ." ಅವಳು ಅದಕ್ಕೆ ಉತ್ತರ ಕೊಡದೆ, "ಆ ಮಾತು ಎಲ್ಲಿ ಕಲಿತಿರಿ?" ಎಂದಳು. ಅವರಿಗೆ ಹೆಮ್ಮೆಯಾಯಿತು. ಯಾರೂ ಕಲಿಸಲಿಲ್ಲ, ತಾವೇ ಕಂಡುಕೊಂಡದ್ದು! ಮೊದಲ ದಿನ ಥಿಯೇಟರಿನ ದೀಪ ಸರಿಸುತ್ತ ಸರಿಸುತ್ತ ಬೆಳಕು ಸರಿಯಾದ ಜಾಗಕ್ಕೆ ಬಂದಾಗ ಎಲ್ಲರೂ ಒಟ್ಟಿಗೆ ಅಂದರಂತೆ, ಸಾಕು, ಸಾಕು. ಮೇಜು ಎತ್ತರಿಸಿ ಸರಿಯಾದಾಗ, ಸಾಕು. ಚಹಾ ಲೋಟದ ಕಂಠಕ್ಕೆ ಬಂದಾಗ ನಗುತ್ತ, ಸಾಕು. "ಒಂದು ಕೆಲಸ ಎಲ್ಲಿಗೆ ಬರಬೇಕೋ ಅಲ್ಲಿಗೆ ಬಂದು ನಿಂತಾಗ ಹೇಳುವ ಮಾತು. ಅಲ್ಲವೆ?"

ಅವಳು ಬೆಂಚಿನ ಮೇಲೆ ಕೂತುಬಿಟ್ಟಳು. ಹುಟ್ಟಿದಾಗಿನಿಂದ ಹೊತ್ತುಕೊಂಡು ತಿರುಗಿದ ಮಾತನ್ನು ಯಾರೋ ಹೊರಗಿನವರು ಎತ್ತಿ ಬೆಳಕಿಗೆ ಹಿಡಿದು ತೋರಿಸುತ್ತಿದ್ದರು. ಅಲ್ಲ ಅನ್ನುವುದು ಹೇಗೆ? ಅವರಿಗೆ ಅದರ ಇನ್ನೊಂದು ಅರ್ಥವನ್ನೂ ಹೇಳಿದಳು, ನಿಲ್ಲಿಸು ಎಂಬುದನ್ನು. ಹೇಳುತ್ತ ಹೇಳುತ್ತ ನಗು ತಡೆಯದೆ ಕಣ್ಣಲ್ಲಿ ನೀರು ಬಂತು. ಕೊಕ್ಕರೆ ನಗಲಿಲ್ಲ. ಉದ್ದನೆಯ ಮುಖ ಕಿವಿಯವರೆಗೆ ಕೆಂಪಾಯಿತು. "ಮೂರು ವರ್ಷ," ಎಂದರು. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಆಮೇಲೆ ದಿಗ್ಗನೆ ಎದ್ದರು: "ಅಯ್ಯೋ, ಆ ಹುಡುಗಿ! ಹತ್ತಿ!" ಸರಿಯಾದ ಮಾತು ಬೇಕು, ಈಗಲೇ ಬೇಕು. ಅವಳು 'ಭೇಷ್' ಎಂದು ಹೇಳಿಕೊಟ್ಟಳು. ಅವರು ಥಿಯೇಟರಿನ ಚಪ್ಪಲಿಯಲ್ಲೇ ಕಾರಿಡಾರಿನುದ್ದಕ್ಕೂ "ಭೇಸ್, ಭೇಶ್, ಭೇಷ್" ಎಂದು ಬಾಯಿಪಾಠ ಮಾಡುತ್ತ ಉದ್ದುದ್ದ ಹೆಜ್ಜೆ ಹಾಕಿದರು. ದಾರಿಯಲ್ಲಿ ಸಿಕ್ಕ ವಾರ್ಡಿನ ಆಯಾ ಗೋಡೆಗೆ ಒತ್ತಿ ನಿಂತು ಜಾಗ ಬಿಟ್ಟಳು.

ಗುಮಾಸ್ತನ ಮೇಜಿನ ಮುಂದೆ ಒಬ್ಬ ತಂದೆ ಕಂಕುಳಲ್ಲಿ ಕೂಸು ಇಟ್ಟುಕೊಂಡು ನಿಂತಿದ್ದ. ಗುಮಾಸ್ತ ಹೆಸರು ಬರೆದು, ರೂಢಿಯಂತೆ ಕೊನೆಯ ಅಂಕಣದಲ್ಲಿ 'ಅವರು' ಎಂಬಲ್ಲಿಗೆ ಬಂದಿದ್ದ. "ಅದನ್ನ ಹೊಡೆದು ಹಾಕಿ," ಎಂದಳು. "ಮಂಗಳವಾರ ಅಂತ ಬರೀರಿ." ಅವನು ಕನ್ನಡಕದ ಮೇಲಿಂದ ನೋಡಿದ. "ಯಾವ ಮಂಗಳವಾರ ಮೇಡಂ? ಅವರು ನಾಳೇನೇ ಹೊರಡ್ತಾರಲ್ಲ?" "ಹೊರಡಲಿ. ಬರೋ ಮಂಗಳವಾರ. ಮೇಲಿನ ನಲವತ್ತೊಂದಕ್ಕೂ ಇವತ್ತೇ ಕಾಗದ ಹಾಕಿ, ಮಂಗಳವಾರಕ್ಕೆ ಇಬ್ಬಿಬ್ಬರು." ಅವನು ಪೆನ್ನು ಹಿಡಿದುಕೊಂಡು ಒಂದಷ್ಟು ಹೊತ್ತು ಯೋಚಿಸಿ, "ಅಂದ್ರೆ 'ಅವರು' ಅಂದ್ರೆ ಇನ್ಮೇಲೆ ನೀವು," ಎಂದ, ಲೆಕ್ಕ ಸರಿಹೋಯಿತು ಎನ್ನುವವನಂತೆ. ಕೂಸಿನ ತಂದೆಗೆ ಇದೊಂದೂ ಅರ್ಥವಾಗಲಿಲ್ಲ. ಮಂಗಳವಾರ ಎಷ್ಟು ಗಂಟೆಗೆ ಬರಬೇಕು ಎಂದಷ್ಟೇ ಕೇಳಿಕೊಂಡು ಹೋದ.

ಮಧ್ಯಾಹ್ನದ ಬಿಸಿಲು ವಾರ್ಡಿನ ನೆಲದ ಅರ್ಧಕ್ಕೆ ಬಂದಿತ್ತು. ಪುಟ್ಟಿ ತಂದೆಯ ಎದೆಗೆ ಒರಗಿ ನಿದ್ದೆ ಹೋಗಿದ್ದಳು, ಹೊಲಿಗೆಗೆ ಕೈ ಹಾಕದಂತೆ ಎರಡೂ ತೋಳಿಗೆ ರಟ್ಟು ಕಟ್ಟಿಸಿಕೊಂಡು. ತಾಯಿ ಎದ್ದು ನಿಂತಳು. ಮಾತು ಕಲಿಸಬೇಕು, ತಿಂಗಳುಗಟ್ಟಲೆ ಅಭ್ಯಾಸ ಬೇಕು, ಮೊದಲು 'ಪ' ಬರಲಿ ಎಂದೆಲ್ಲ ಹೇಳಿದ ಮೇಲೆ, ಇವಳು ಹೊರಡಬೇಕಿತ್ತು, ಹೊರಡಲಾಗಲಿಲ್ಲ. ಇಡೀ ದಿನದ ಗೆಲುವು ಈ ಒಂದು ಜಾಗದಲ್ಲಿ ಬಂದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

"ಅವರು ಮಾಡಿದ್ದಲ್ಲ," ಎಂದಳು. "ನಾನೇ ಮಾಡಿದ್ದು. ಮೊದಲಿಂದ ಕೊನೇವರೆಗೆ."

"ಸಿಸ್ಟರ್ ಹೇಳಿದ್ರು."

"ಮಗು ಹನ್ನೊಂದು ತಿಂಗಳಿದ್ದಾಗ್ಲೂ ನಾನೇ ಮಾಡ್ಬಹುದಿತ್ತು. ನನ್ನ ಕೈಗೆ ಬರ್ತಿತ್ತು. ಹೆದರಿಕೊಂಡು ವಾಪಸ್ ಕಳಿಸಿದೆ. ನಿಮ್ಮ ಮಗಳ ಎರಡು ವರ್ಷ ನನ್ನಿಂದ ಹೋಯ್ತು."

ಹೊಲಿಗೆಯವಳು ಹೊದಿಕೆಯ ಅಂಚನ್ನು ಎಲ್ಲಿಂದಲೋ ಸೂಜಿದಾರ ತಂದು ಹೊಲಿದು ಮುಗಿಸಿದ್ದಳು, ಒಂದೇ ಅಳತೆಯ ಹೊಲಿಗೆ. ಅದರ ಮೇಲೆ ಹೆಬ್ಬೆರಳು ಆಡಿಸಿದಳು. "ಆವತ್ತು ಬಸ್ಸಲ್ಲಿ ನಿಮ್ಮನ್ನ ಬೈಕೊಂಡೇ ಹೋದೆ ಡಾಕ್ಟ್ರೇ," ಎಂದಳು. "ಇಳಿಯೋವರೆಗೂ ಬೈದೆ. ಹೋದ ವರ್ಷಾನೂ ಬೈದೆ." ನಿದ್ದೆಯಲ್ಲೇ ಪುಟ್ಟಿ ಬಾಯಿ ತೆರೆದು ಉಸಿರು ಬಿಟ್ಟಳು, ತಂದೆಯ ಅಂಗಿಯ ಮೇಲಿದ್ದ ಹತ್ತಿಯ ಒಂದು ಎಳೆ ಅಲುಗಿತು. ಮೂವರೂ ಅದನ್ನೇ ನೋಡಿದರು.

"ಈಗ ಮಾಡಿದ್ರಲ್ಲ," ಎಂದಳು ತಾಯಿ. "ಸಾಕು."

ಈ ಸಲ ಆ ಮಾತಿಗೆ ಇವಳ ಕತ್ತು ತಿರುಗಲಿಲ್ಲ. ಅಲ್ಲೇ, ಹಾಸಿಗೆಯ ಪಕ್ಕದಲ್ಲೇ, ನಿಂತಿದ್ದಳು.